ಪುಸ್ತಕದ ಮನೆಯಲ್ಲಿ ಸೂಜಿಯ ಮೊನೆ

ಅಮೆರಿಕದ ಫಿಲಡೆಲ್ಫಿಯಾ ನಗರದ ಕೆನ್ಸಿಂಗ್ಟನ್ ಬಡಾವಣೆಯಲ್ಲಿ ಮ್ಯಾಕ್‌ಫರ್ಸನ್ ಚೌಕ ಎಂಬ ಉದ್ಯಾನವಿದೆ. ಅದರ ನಡುವೆ ಎತ್ತರದ ಕಂಬಗಳೂ ಮೇಲೊಂದು ಗುಮ್ಮಟವೂ ಇರುವ ಕಟ್ಟಡ. ಮೊದಲ ಸಲ ನೋಡಿದವರು ಇದು ಯಾವುದೋ ನ್ಯಾಯಾಲಯವಿರಬೇಕು ಎಂದುಕೊಂಡರೆ ತಪ್ಪಿಲ್ಲ. ಅದು ಸಾರ್ವಜನಿಕ ಗ್ರಂಥಾಲಯ. ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿ ಊರೂರಿಗೆ ಗ್ರಂಥಾಲಯ ಕಟ್ಟಲು ಕೊಟ್ಟ ಹಣದಲ್ಲಿ ಎದ್ದು ನಿಂತು, 1917ರಲ್ಲಿ ಬಾಗಿಲು ತೆರೆಯಿತು. ಆಗ ಕೆನ್ಸಿಂಗ್ಟನ್ ಎಂದರೆ ಬಟ್ಟೆ ಗಿರಣಿಗಳ ಬಡಾವಣೆ. ಕಾಲಕ್ರಮದಲ್ಲಿ ಗಿರಣಿಗಳು ಮುಚ್ಚಿದವು, ಕೆಲಸ ಹೋಯಿತು, ಬಡತನ ಬಂತು. ಅದರ ಹಿಂದೆಯೇ ಹೆರಾಯಿನ್ ಬಂತು.

2017ರಲ್ಲಿ ಈ ಗ್ರಂಥಾಲಯದ ಹೆಸರು ಅಮೆರಿಕದ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ಶಾಲೆ ಬಿಟ್ಟ ಮೇಲೆ ಮಕ್ಕಳು ಹೋಂವರ್ಕ್ ಮಾಡಲು ಒಳಗೆ ಬಂದು ಕೂರುತ್ತಿದ್ದರು. ಹೊರಗೆ ಹುಲ್ಲಿನ ಮೇಲೆ ಮಾದಕ ವಸ್ತು ಚುಚ್ಚಿಕೊಂಡವರು ಬಿದ್ದಿರುತ್ತಿದ್ದರು. ಪ್ರಮಾಣ ಮೀರಿ ಉಸಿರು ನಿಲ್ಲುತ್ತಿರುವವರನ್ನು ಬದುಕಿಸಲು ನಲೋಕ್ಸೋನ್ ಎಂಬ ಔಷಧವಿದೆ. ಮೂಗಿನೊಳಗೆ ಸಿಂಪಡಿಸುವಂಥದ್ದು. ಅದನ್ನು ಬಳಸುವ ತರಬೇತಿಯನ್ನು ಅಲ್ಲಿನ ಗ್ರಂಥಾಲಯ ಸಿಬ್ಬಂದಿ ಪಡೆದರು. ಎಚ್ಚರ ತಪ್ಪಿದವರ ಬಳಿಗೆ ಗ್ರಂಥಪಾಲಕರು ಮೆಟ್ಟಿಲಿಳಿದು ಓಡಿದರು, ಹಲವು ಜೀವ ಉಳಿಸಿದರು. ಪತ್ರಿಕೆಗಳು ಅವರ ಸಾಹಸವನ್ನು ಹೊಗಳಿದವು. ಹೊಗಳಬೇಕಾದದ್ದೇ.

ಆದರೆ ಅದೇ ಸಿಬ್ಬಂದಿ ಪ್ರತಿದಿನ ಮಾಡಬೇಕಾಗಿದ್ದ ಇನ್ನೊಂದು ಕೆಲಸದ ಬಗ್ಗೆ ಅಷ್ಟು ಸುದ್ದಿಯಾಗಲಿಲ್ಲ. ಉದ್ಯಾನದಲ್ಲಿ ಬಿದ್ದ ಸಿರಿಂಜುಗಳನ್ನು ಯಾರಾದರೂ ಎತ್ತಬೇಕು. ಶೌಚಾಲಯದ ಕಸದ ಬುಟ್ಟಿಯನ್ನು ಯಾರಾದರೂ ಖಾಲಿ ಮಾಡಬೇಕು. ಕುರ್ಚಿಯ ಮೆತ್ತೆಯ ಸಂದಿಗೆ ಬಿದ್ದ ಪೆನ್ಸಿಲ್ ತೆಗೆಯಲು ಯಾರಾದರೂ ಕೈ ಹಾಕಬೇಕು. ಪುಸ್ತಕ ಕೊಡುವ, ಪುಸ್ತಕ ಜೋಡಿಸುವ ಕೆಲಸಕ್ಕೆ ಸೇರಿದವರು ಅವರು. ರಕ್ತದ ಸಂಗಡ ವ್ಯವಹರಿಸುವ ವಿದ್ಯೆಯನ್ನು ನರ್ಸುಗಳಿಗೆ ಕಲಿಸುತ್ತಾರೆ, ಗ್ರಂಥಪಾಲಕರಿಗೆ ಯಾರೂ ಕಲಿಸುವುದಿಲ್ಲ. ಅವರ ಕೈಗೆ ಸೂಜಿ ಚುಚ್ಚಿದರೆ ಏನಾಗುತ್ತದೆ? ಚುಚ್ಚದಂತೆ ನೋಡಿಕೊಳ್ಳುವ ಹೊಣೆ ಯಾರದು?

ಗ್ರಂಥಾಲಯದ ಬಗ್ಗೆ ಜನರಿಗೆ ರೋಗದ ಭಯ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ಪುಸ್ತಕದ ಹಾಳೆಗಳಿಂದಲೇ ಕ್ಷಯ, ಸಿಡುಬು ಹರಡುತ್ತವೆಂಬ ದಿಗಿಲು ಹಬ್ಬಿತ್ತು. 1895ರಲ್ಲಿ ಅಮೆರಿಕದ ಒಮಾಹಾ ನಗರದ ಗ್ರಂಥಪಾಲಕಿಯೊಬ್ಬರು ಕ್ಷಯದಿಂದ ತೀರಿಕೊಂಡಾಗ, ಪುಸ್ತಕಗಳೇ ಅವರನ್ನು ಕೊಂದವೇನೋ ಎಂಬ ಚರ್ಚೆ ನಡೆಯಿತು. ಗ್ರಂಥಾಲಯಗಳು ಪುಸ್ತಕಗಳಿಗೆ ಹಬೆ ಕೊಟ್ಟವು, ಫಾರ್ಮಾಲ್ಡಿಹೈಡ್ ಹೊಗೆ ಹಾಕಿದವು. ಸೋಂಕು ರೋಗವಿದ್ದವರು ಗ್ರಂಥಾಲಯದಿಂದ ಪುಸ್ತಕ ಒಯ್ಯಬಾರದೆಂದು ಇಂಗ್ಲೆಂಡಿನಲ್ಲಿ 1907ರಲ್ಲಿ ಕಾನೂನೇ ಬಂತು. ಆ ಭಯಕ್ಕೆ ತಕ್ಕ ಆಧಾರ ಸಿಗಲಿಲ್ಲ, ಮುಂದಿನ ವರ್ಷಗಳಲ್ಲಿ ತಾನಾಗಿ ಇಳಿಯಿತು. ಹಾಗೆಂದು ಈಗಿನ ಸೂಜಿಯ ಭಯವೂ ಬರೀ ದಿಗಿಲು ಎನ್ನಲಾಗದು. ಪುಸ್ತಕದ ಹಾಳೆ ಬೇರೆ, ರಕ್ತ ಮೆತ್ತಿದ ಸೂಜಿ ಬೇರೆ. ಎಷ್ಟು ಭಯಪಡಬೇಕು, ಯಾವುದಕ್ಕೆ ಭಯಪಡಬೇಕು ಎಂಬುದನ್ನು ಲೆಕ್ಕ ಹಾಕಿಯೇ ತಿಳಿಯಬೇಕು.

ರಕ್ತದ ಮೂಲಕ ಹರಡುವ ರೋಗಾಣುಗಳಲ್ಲಿ ಮುಖ್ಯವಾದವು ಮೂರು: ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಏಡ್ಸ್ ತರುವ ಎಚ್‌ಐವಿ. ಮೂರೂ ವೈರಸ್‌ಗಳು. ಮೊದಲ ಎರಡು ಯಕೃತ್ತನ್ನು, ಅಂದರೆ ಲಿವರನ್ನು, ಹಿಡಿಯುತ್ತವೆ. ಕಾಮಾಲೆ ಎಂದೊಡನೆ ಮಳೆಗಾಲದ ಕೆಟ್ಟ ನೀರು ನೆನಪಿಗೆ ಬರುತ್ತದೆ. ನೀರಿನಿಂದ ಬರುವುದು ಎ ಮತ್ತು ಇ ಬಗೆಯ ಹೆಪಟೈಟಿಸ್. ಸಾಮಾನ್ಯವಾಗಿ ಕೆಲವು ವಾರ ಕಾಡಿಸಿ ಹೊರಟುಹೋಗುವಂಥವು. ಬಿ ಮತ್ತು ಸಿ ನೀರಿನಿಂದ ಬರುವುದಿಲ್ಲ, ರಕ್ತದಿಂದ ಬರುತ್ತವೆ. ಬಂದ ಮೇಲೆ ಕೆಲವರ ಮೈಯಲ್ಲಿ ಸದ್ದಿಲ್ಲದೆ ವರ್ಷಗಟ್ಟಲೆ ಉಳಿದು, ಯಕೃತ್ತನ್ನು ಗಡುಸು ಮಾಡಿ, ಕ್ಯಾನ್ಸರಿನವರೆಗೂ ಒಯ್ಯಬಲ್ಲವು.

ಹೆಪಟೈಟಿಸ್ ಬಿ ವೈರಸ್ಸಿನ ಅಡ್ಡಳತೆ ಸುಮಾರು 42 ನ್ಯಾನೋಮೀಟರ್. ಪುಸ್ತಕದ ಒಂದು ಹಾಳೆಯ ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಭಾಗ ಎಂದಿಟ್ಟುಕೊಂಡರೆ, ಆ ದಪ್ಪದಲ್ಲಿ ಒಂದರ ಮೇಲೊಂದರಂತೆ ಸುಮಾರು 2,400 ವೈರಸ್‌ಗಳನ್ನು ಪೇರಿಸಬಹುದು. ಸೋಂಕು ಜೋರಾಗಿರುವವರ ಒಂದು ಮಿಲಿಲೀಟರ್ ರಕ್ತದಲ್ಲಿ ಇವು ಹತ್ತು ಕೋಟಿಗೂ ಮೀರಿ ಇರಬಲ್ಲವು. ಕಣ್ಣಿಗೆ ಕಾಣದಷ್ಟು ಸಣ್ಣ ತೊಟ್ಟಿನಲ್ಲೂ ಸಾಕಷ್ಟು ವೈರಸ್ ಇರುವುದು ಹೀಗೆ. ಮತ್ತೊಂದು ಸಂಗತಿ: ಮೈಯಿಂದ ಹೊರಗೆ, ಒಣಗಿದ ರಕ್ತದಲ್ಲೂ ಈ ವೈರಸ್ ಕನಿಷ್ಠ ಏಳು ದಿನ ಸೋಂಕು ತಗುಲಿಸುವ ಶಕ್ತಿ ಉಳಿಸಿಕೊಂಡಿರುತ್ತದೆ. ಎಚ್‌ಐವಿ ಅಷ್ಟು ಗಟ್ಟಿಯಲ್ಲ, ರಕ್ತ ಒಣಗುತ್ತಿದ್ದಂತೆ ಬೇಗ ಶಕ್ತಿಗುಂದುತ್ತದೆ. ಆದರೆ ಸಿರಿಂಜಿನ ಸೂಜಿ ಟೊಳ್ಳು. ಅದರೊಳಗೆ ಸಿಕ್ಕಿಕೊಂಡ ರಕ್ತ ಬೇಗ ಒಣಗುವುದಿಲ್ಲ. ಹೆಪಟೈಟಿಸ್ ಸಿ ವೈರಸ್ ಸಿರಿಂಜಿನೊಳಗೆ 63 ದಿನಗಳವರೆಗೆ ಉಳಿದದ್ದನ್ನು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಬಟ್ಟೆ ಹೊಲಿಯುವ ಸೂಜಿಗಿಂತ ಸಿರಿಂಜಿನ ಸೂಜಿ ಹೆಚ್ಚು ಅಪಾಯಕಾರಿಯಾಗಿರುವುದು ಈ ಟೊಳ್ಳಿನಿಂದ.

ಈಗ ಲೆಕ್ಕ. ಆಸ್ಪತ್ರೆಗಳಲ್ಲಿ ಸೋಂಕಿದ್ದ ರೋಗಿಯ ರಕ್ತವಿದ್ದ ಸೂಜಿ ಚುಚ್ಚಿದವರನ್ನು ಗಮನಿಸಿ ತೆಗೆದ ಅಂಕಿಗಳಿವೆ. ಎಚ್‌ಐವಿ ತಗುಲುವುದು ಸಾವಿರಕ್ಕೆ ಸುಮಾರು ಮೂವರಿಗೆ. ಹೆಪಟೈಟಿಸ್ ಸಿ, ಹಳೆಯ ಅಂದಾಜಿನಂತೆ ನೂರಕ್ಕೆ ಇಬ್ಬರಿಗೆ ಸಮೀಪ. ಈಚಿನ ಅಂದಾಜು ಅದಕ್ಕಿಂತ ಬಹಳ ಕಡಿಮೆ, ಸಾವಿರಕ್ಕೆ ಇಬ್ಬರು. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗುಲುವುದು ನೂರಕ್ಕೆ ಆರರಿಂದ ಮೂವತ್ತು ಮಂದಿಗೆ. ಬಹುಪಾಲು ಜನ ಎಚ್‌ಐವಿಗೆ ಹೆದರುತ್ತಾರೆ, ಬಿ ಎಂಬ ಅಕ್ಷರವನ್ನು ಕೇಳಿ ಸುಮ್ಮನಾಗುತ್ತಾರೆ. ಅಂಕಿಗಳು ಹೇಳುವುದು ತಲೆಕೆಳಗು. ಬೀದಿಯಲ್ಲೋ ಉದ್ಯಾನದಲ್ಲೋ ಬಿದ್ದಿದ್ದ ಸೂಜಿಯಾದರೆ ಅಪಾಯ ಇನ್ನೂ ಕಡಿಮೆ. ಅದರಲ್ಲಿ ಯಾರ ರಕ್ತವಿತ್ತೋ, ಎಷ್ಟು ಹಳೆಯದೋ ತಿಳಿಯದು. ಆ ತಿಳಿಯದಿರುವಿಕೆಯೇ ಚುಚ್ಚಿಸಿಕೊಂಡವರ ಪಾಲಿನ ಸಂಕಟ. ಕೊನೆಯ ರಕ್ತ ಪರೀಕ್ಷೆ ಮುಗಿದು ಏನೂ ಇಲ್ಲವೆಂದು ತಿಳಿಯುವವರೆಗೆ ಅವರು ತಿಂಗಳುಗಟ್ಟಲೆ ಕಾಯಬೇಕು.

ಈ ಮೂರರಲ್ಲಿ ಅತಿ ಸುಲಭವಾಗಿ ಅಂಟುವ ಹೆಪಟೈಟಿಸ್ ಬಿಗೆ ಮಾತ್ರ ಲಸಿಕೆಯಿದೆ. ಆ ಲಸಿಕೆಯ ಕತೆಯೂ ಫಿಲಡೆಲ್ಫಿಯಾದ ಕತೆಯೇ. ಬರೂಕ್ ಬ್ಲಂಬರ್ಗ್ ಎಂಬ ವಿಜ್ಞಾನಿ ಬೇರೆ ಬೇರೆ ದೇಶಗಳ ಜನರ ರಕ್ತವನ್ನು ಹೋಲಿಸಿ ನೋಡುತ್ತಿದ್ದರು. ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಅವರಿಗೊಂದು ವಿಚಿತ್ರ ಪ್ರೋಟೀನ್ ಕಂಡಿತು. ಅದಕ್ಕೆ ‘ಆಸ್ಟ್ರೇಲಿಯಾ ಆಂಟಿಜೆನ್’ ಎಂದು ಹೆಸರಿಟ್ಟರು. ಅದು ಏನೆಂದು ಮೊದಲು ಅವರಿಗೂ ತಿಳಿಯಲಿಲ್ಲ. 1967ರಲ್ಲಿ ಅವರ ಫಿಲಡೆಲ್ಫಿಯಾದ ಪ್ರಯೋಗಾಲಯದಲ್ಲಿ ಇದೇ ಪರೀಕ್ಷೆ ಮಾಡುತ್ತಿದ್ದ ತಂತ್ರಜ್ಞೆಯೊಬ್ಬರಿಗೆ ಮೈ ಹುಷಾರು ತಪ್ಪಿತು. ಅವರು ತಮ್ಮದೇ ರಕ್ತವನ್ನು ಪರೀಕ್ಷೆಗಿಟ್ಟರು. ಮೊದಲು ಅವರ ರಕ್ತದಲ್ಲಿ ಇಲ್ಲದಿದ್ದ ಆಂಟಿಜೆನ್ ಈಗ ಕಾಣಿಸಿತು. ಅದರ ಬೆನ್ನಿಗೇ ಕಾಮಾಲೆ ಬಂತು. ಆ ಪರೀಕ್ಷೆಯಿಂದ ಪತ್ತೆಯಾದ ಮೊಟ್ಟಮೊದಲ ಹೆಪಟೈಟಿಸ್ ರೋಗಿ, ರಕ್ತದೊಂದಿಗೆ ಕೆಲಸ ಮಾಡುತ್ತಿದ್ದ ನೌಕರಳೇ! ಅದೃಷ್ಟವಶಾತ್ ಅವರು ಗುಣವಾದರು. ಆಂಟಿಜೆನ್ ಎಂದರೆ ವೈರಸ್ಸಿನ ಹೊರಕವಚದ ಪ್ರೋಟೀನ್ ಎಂದು ತಿಳಿಯಿತು. ಅದನ್ನೇ ಬಳಸಿ ಮಾಡಿದ ಲಸಿಕೆಗೆ ಅಮೆರಿಕದಲ್ಲಿ 1981ರಲ್ಲಿ ಪರವಾನಗಿ ಸಿಕ್ಕಿತು. ಬ್ಲಂಬರ್ಗ್ ಅವರಿಗೆ 1976ರಲ್ಲೇ ನೊಬೆಲ್ ಬಹುಮಾನ ಬಂದಿತ್ತು.

ಇದೇ ಬ್ಲಂಬರ್ಗ್ ಅವರ ಹೆಸರು ನೆಲನೆಲ್ಲಿಯ ಜೊತೆಗೂ ತಳಕು ಹಾಕಿಕೊಂಡಿದೆ ಎಂದರೆ ಓದುಗರಿಗೆ ಸೋಜಿಗವಾಗಬಹುದು. ಕಾಮಾಲೆಗೆ ಹಳ್ಳಿಗಳಲ್ಲಿ ಅರೆದು ಕುಡಿಸುವ ಸೊಪ್ಪನ್ನು ಮದರಾಸಿನ ಸಂಶೋಧಕರೊಡನೆ ಸೇರಿ ಅವರು ಪರೀಕ್ಷಿಸಿದರು. 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ವರದಿ ಆಶಾದಾಯಕವಾಗಿತ್ತು. ಆದರೆ ಬೇರೆ ಕಡೆ ಮಾಡಿದ ಪರೀಕ್ಷೆಗಳಲ್ಲಿ ಅದೇ ಫಲ ಸಿಗಲಿಲ್ಲ. ಮದ್ದು ಕೈಕೊಟ್ಟರೂ ಲಸಿಕೆ ಕೈಕೊಡಲಿಲ್ಲ ಎನ್ನಬೇಕು. ಅಮೆರಿಕದ ಆಸ್ಪತ್ರೆ ನೌಕರರಲ್ಲಿ 1983ರಲ್ಲಿ ಸುಮಾರು 17,000 ಮಂದಿಗೆ ಹೆಪಟೈಟಿಸ್ ಬಿ ತಗುಲಿತ್ತೆಂದು ಅಂದಾಜು. 1995ರ ವೇಳೆಗೆ ಅದು 400ಕ್ಕೆ ಇಳಿಯಿತು.

ಇಳಿದದ್ದು ಲಸಿಕೆಯೊಂದರಿಂದಲೇ ಅಲ್ಲ. ನಡುವೆ ಒಂದು ಕಾನೂನೂ ಬಂತು. ಕೆಲಸಗಾರರ ಸುರಕ್ಷತೆಯನ್ನು ನೋಡಿಕೊಳ್ಳುವ ಅಮೆರಿಕದ ಕೇಂದ್ರ ಸಂಸ್ಥೆಗೆ ಓಶಾ ಎಂದು ಹೆಸರು. ರಾಜ್ಯ, ಜಿಲ್ಲೆ ಮತ್ತು ಪುರಸಭೆ ನೌಕರರ ದೊಡ್ಡ ಒಕ್ಕೂಟವೊಂದು 1986ರಲ್ಲಿ ಅದಕ್ಕೆ ಮನವಿ ಸಲ್ಲಿಸಿ, ರಕ್ತದಿಂದ ಬರುವ ರೋಗಗಳಿಂದ ನೌಕರರನ್ನು ಕಾಪಾಡಲು ನಿಯಮ ಮಾಡಿ ಎಂದು ಕೇಳಿತು. ಐದು ವರ್ಷ ಹಿಡಿಯಿತು. 1991ರ ಡಿಸೆಂಬರಿನಲ್ಲಿ ನಿಯಮ ಪ್ರಕಟವಾಗಿ, 1992ರ ಮಾರ್ಚಿನಿಂದ ಜಾರಿಗೆ ಬಂತು.

ಆ ನಿಯಮದ ತಿರುಳು ಸರಳ. ರಕ್ತ ಯಾರದೇ ಆಗಿರಲಿ, ಅದರಲ್ಲಿ ರೋಗಾಣುವಿದೆ ಎಂದೇ ಭಾವಿಸಿ ನಡೆದುಕೊಳ್ಳಬೇಕು. ಮುಖ ನೋಡಿ, ಬಟ್ಟೆ ನೋಡಿ ತೀರ್ಮಾನಿಸುವಂತಿಲ್ಲ. ಹೆಪಟೈಟಿಸ್ ಇರುವವರಲ್ಲಿ ಅನೇಕರಿಗೆ ತಮಗೆ ಅದಿದೆಯೆಂದೇ ಗೊತ್ತಿರುವುದಿಲ್ಲ. ಹಾಗಾಗಿ ಮೂಗಿನಿಂದ ರಕ್ತ ಸುರಿಯುತ್ತಿರುವ ಒಳ್ಳೆಯ ಮನೆತನದ ಹುಡುಗನಿಗೂ, ಶೌಚಾಲಯದಲ್ಲಿ ಬಿದ್ದಿರುವ ವ್ಯಸನಿಗೂ ಒಂದೇ ಕೈಗವಸು. ಈ ಸಮಾನತೆ ವಿಜ್ಞಾನದ ದೃಷ್ಟಿಯಿಂದ ಸರಿ, ಮರ್ಯಾದೆಯ ದೃಷ್ಟಿಯಿಂದಲೂ ಸರಿ. ಯಾರನ್ನೂ ಅನುಮಾನದಿಂದ ನೋಡಬೇಕಾಗಿಲ್ಲ.

ಇನ್ನು ಉಳಿದದ್ದು ಮಾಲೀಕನ ಕರ್ತವ್ಯ. ಯಾವ ಕೆಲಸ ಮಾಡುವವರಿಗೆ ರಕ್ತ ಸೋಕಬಹುದೆಂದು ಮೊದಲೇ ಊಹಿಸಬಹುದೋ ಅವರ ಪಟ್ಟಿ ಮಾಡಬೇಕು. ಅವರಿಗೆ ಕೆಲಸದ ವೇಳೆಯಲ್ಲೇ ವರ್ಷಕ್ಕೊಮ್ಮೆ ತರಬೇತಿ, ಕೈಗವಸು, ಸೂಜಿ ಹಾಕುವ ಪೆಟ್ಟಿಗೆ ಎಲ್ಲ ಒದಗಿಸಬೇಕು. ಅಂಥ ಕೆಲಸಕ್ಕೆ ಹಚ್ಚಿದ ಹತ್ತು ಕೆಲಸದ ದಿನಗಳೊಳಗೆ ಹೆಪಟೈಟಿಸ್ ಬಿ ಲಸಿಕೆಯನ್ನು ಪುಕ್ಕಟೆಯಾಗಿ ಕೊಡಲು ಮುಂದಾಗಬೇಕು. ಬೇಡವೆನ್ನುವ ನೌಕರ ಬೇಡವೆಂದು ಬರೆದು ಸಹಿ ಹಾಕಬೇಕು. ಮುಂದೆ ಮನಸ್ಸು ಬದಲಾದರೆ ಆಗಲೂ ಪುಕ್ಕಟೆಯೇ.

ಗ್ರಂಥಾಲಯದ ತೊಡಕು ಇರುವುದು ‘ಮೊದಲೇ ಊಹಿಸಬಹುದೋ’ ಎಂಬ ಮಾತಿನಲ್ಲಿ. ನರ್ಸಿಗೆ ರಕ್ತ ಸೋಕುತ್ತದೆಂದು ಯಾರೂ ಊಹಿಸಬಲ್ಲರು. ಶೌಚಾಲಯ ತೊಳೆಯುವವರ ಹೆಸರನ್ನೂ ಪಟ್ಟಿಗೆ ಸೇರಿಸಬಹುದು. ಕೌಂಟರಿನಲ್ಲಿ ಕುಳಿತು ಪುಸ್ತಕಕ್ಕೆ ಮುದ್ರೆ ಹಾಕುವವರನ್ನು? ಬಿದ್ದು ಮಂಡಿ ತರಚಿಕೊಂಡ ಮಗುವನ್ನು ಕಂಡು ಅವರು ಎದ್ದು ಓಡಿದರೆ, ಅದು ಅವರ ಕೆಲಸದ ಭಾಗವಲ್ಲ, ಮಾನವೀಯತೆಯಿಂದ ಮಾಡಿದ ಉಪಕಾರ ಎಂದು ನಿಯಮ ಬಗೆಯುತ್ತದೆ. ಉಪಕಾರ ಮಾಡಿದವರು ಪಟ್ಟಿಯೊಳಗೆ ಬರುವುದಿಲ್ಲ. ಪ್ರಥಮ ಚಿಕಿತ್ಸೆ ನಿಮ್ಮ ಜವಾಬ್ದಾರಿ ಎಂದು ಮೇಲಧಿಕಾರಿ ವಹಿಸಿಕೊಟ್ಟಿದ್ದರೆ ಮಾತ್ರ ಬರುತ್ತಾರೆ. ಕೆನ್ಸಿಂಗ್ಟನ್ನಿನಂಥ ಕಡೆ ದಿನವೂ ಸೂಜಿ ಕಾಣುವಾಗ, ಊಹಿಸಲಾಗಲಿಲ್ಲ ಎಂದು ಯಾವ ಅಧಿಕಾರಿಯೂ ಹೇಳುವಂತಿಲ್ಲ. ವರ್ಷಕ್ಕೊಂದು ಸೂಜಿ ಸಿಗುವ ಸಣ್ಣ ಊರಿನ ಗ್ರಂಥಾಲಯದಲ್ಲಿ ಹಾಗೆ ಹೇಳಿ ತಪ್ಪಿಸಿಕೊಳ್ಳುವುದು ಸುಲಭ.

ಇದಕ್ಕಿಂತ ದೊಡ್ಡ ತೂತು ಇನ್ನೊಂದಿದೆ. ಓಶಾ ಸ್ಥಾಪನೆಗೆ ಕಾರಣವಾದ 1970ರ ಕಾಯ್ದೆ ರಾಜ್ಯ ಸರ್ಕಾರಗಳನ್ನೂ ನಗರಸಭೆಗಳನ್ನೂ ‘ಮಾಲೀಕ’ ಎಂಬ ಪದದಿಂದ ಹೊರಗಿಟ್ಟಿದೆ. ರಾಜ್ಯವೊಂದು ತನ್ನದೇ ಸುರಕ್ಷತಾ ಯೋಜನೆ ಮಾಡಿಕೊಂಡರೆ ಮಾತ್ರ ಅಲ್ಲಿನ ಸರ್ಕಾರಿ ನೌಕರರಿಗೂ ರಕ್ಷಣೆ ಕಡ್ಡಾಯವಾಗುತ್ತದೆ. ಸುಮಾರು ಅರ್ಧದಷ್ಟು ರಾಜ್ಯಗಳು ಹಾಗೆ ಮಾಡಿಕೊಂಡಿವೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿ ನಗರ ಗ್ರಂಥಾಲಯದ ನೌಕರರಿಗೆ ಕಾನೂನಿನ ಬಲವಿದೆ. ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾ ಮಾಡಿಕೊಂಡಿಲ್ಲ. ನಿಯಮ ಬೇಕೆಂದು ಮೊದಲು ಕೇಳಿದ್ದು ರಾಜ್ಯ ಮತ್ತು ಪುರಸಭೆ ನೌಕರರ ಒಕ್ಕೂಟ. ಅದರ ಸದಸ್ಯರಲ್ಲಿ ಗ್ರಂಥಾಲಯದವರೂ ಇದ್ದಾರೆ. ನಿಯಮ ಬಂದಾಗ ಖಾಸಗಿ ಆಸ್ಪತ್ರೆಯ ನೌಕರನಿಗೆ ಅದು ಹಕ್ಕಾಯಿತು, ಕೇಳಿದವರಲ್ಲೇ ಎಷ್ಟೋ ಜನರಿಗೆ ಆಗಲಿಲ್ಲ. ಅಂಥ ಕಡೆ ಕೈಗವಸು, ತರಬೇತಿ, ಲಸಿಕೆ ಸಿಗುವುದು ಮೇಲಿನವರ ಒಳ್ಳೆಯತನದಿಂದ ಅಥವಾ ಸಂಘದ ಒತ್ತಾಯದಿಂದ. ಪೆನ್ಸಿಲ್ವೇನಿಯಾದ ಶಾಸನಸಭೆಯಲ್ಲಿ ಇದನ್ನು ಸರಿಪಡಿಸುವ ಮಸೂದೆ ಹಲವು ಬಾರಿ ಮಂಡನೆಯಾಗಿದೆ.

ಕಾನೂನು ಏನೇ ಇರಲಿ, ದಿನದ ಕೆಲಸದಲ್ಲಿ ಪಾಲಿಸಬೇಕಾದ ಕ್ರಮ ಒಂದೇ. ಅದರಲ್ಲಿ ದುಬಾರಿಯಾದದ್ದು ಕಡಿಮೆ, ಜಾಣ್ಮೆ ಹೆಚ್ಚು.

ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಒಂದು ಸುತ್ತು ಹಾಕಿ ಬರಬೇಕು. ಕಾಣದ ಜಾಗಕ್ಕೆ ಕೈ ಹಾಕಬಾರದು ಎಂಬುದು ಮೊದಲ ಪಾಠ. ಕಪಾಟಿನ ಹಿಂದೆ, ಮೆತ್ತೆಯ ಸಂದಿ, ಪುಸ್ತಕ ಹಿಂತಿರುಗಿಸುವ ಪೆಟ್ಟಿಗೆ ಎಲ್ಲವನ್ನೂ ಟಾರ್ಚ್ ಹಾಕಿ ನೋಡಿ ಆಮೇಲೆ ಮುಟ್ಟಬೇಕು. ಕಸದ ಚೀಲ ತುಂಬಿದೆಯೆಂದು ಕೈಯಿಂದ ಒತ್ತಿ ಜಾಗ ಮಾಡಬಾರದು. ಎತ್ತಿದ ಚೀಲವನ್ನು ಮೈಗೆ ತಾಗಿಸಿಕೊಂಡು ಒಯ್ಯಬಾರದು; ಬಾಯಿ ಹಿಡಿದು, ಕಾಲಿನಿಂದ ದೂರವಿಟ್ಟು ಒಯ್ಯಬೇಕು. ಚೀಲದೊಳಗಿನ ಸೂಜಿ ತೊಡೆಗೆ ಚುಚ್ಚುವುದು ಹೀಗೇ.

ಸೂಜಿ ಕಂಡರೆ ಅದನ್ನು ಪೆಟ್ಟಿಗೆಯ ಹತ್ತಿರ ಒಯ್ಯಬಾರದು, ಪೆಟ್ಟಿಗೆಯನ್ನೇ ಸೂಜಿಯ ಹತ್ತಿರ ತರಬೇಕು. ಸೂಜಿ ಕೈಯಲ್ಲಿರುವ ದೂರ ಕಡಿಮೆಯಾದಷ್ಟೂ ಒಳ್ಳೆಯದು. ಪೆಟ್ಟಿಗೆಯನ್ನು ನೆಲದ ಮೇಲಿಡಬೇಕು. ಒಂದು ಕೈಯಲ್ಲಿ ಪೆಟ್ಟಿಗೆ ಹಿಡಿದು ಇನ್ನೊಂದು ಕೈಯಿಂದ ಸೂಜಿ ಹಾಕಲು ಹೋದವರು ಪೆಟ್ಟಿಗೆ ಹಿಡಿದ ಕೈಗೇ ಚುಚ್ಚಿಕೊಳ್ಳುತ್ತಾರೆ. ಕೈಗವಸು ತೊಟ್ಟು, ಉದ್ದನೆಯ ಇಕ್ಕಳದಿಂದ ಸಿರಿಂಜಿನ ನಡುವೆ ಹಿಡಿದು, ಮೊನೆ ಕೆಳಗಾಗುವಂತೆ ಪೆಟ್ಟಿಗೆಯೊಳಗೆ ಬಿಡಬೇಕು. ಮುಚ್ಚಳ ಬಿದ್ದಿದ್ದರೂ ಅದನ್ನು ಮತ್ತೆ ಸೂಜಿಗೆ ತೊಡಿಸುವ ಮರ್ಯಾದೆ ಬೇಡ. ಕೈಗವಸು ಸೂಜಿಯನ್ನು ತಡೆಯುವುದಿಲ್ಲ. ಆದರೆ ಸೂಜಿ ರಬ್ಬರನ್ನು ದಾಟಿ ಬರುವಾಗ ಹೊರಮೈಯ ರಕ್ತ ಸ್ವಲ್ಪ ಒರೆಸಿಹೋಗುತ್ತದೆ. ಅದೂ ಒಂದು ಲಾಭ.

ಪೆಟ್ಟಿಗೆ ಗಟ್ಟಿ ಪ್ಲಾಸ್ಟಿಕ್ಕಿನದು. ಚುಚ್ಚಿದರೆ ತೂತಾಗಬಾರದು, ಸೋರಬಾರದು. ಅದರ ಮೇಲೆ ಮೂರು ಕೊಂಬುಗಳು ಹೆಣೆದುಕೊಂಡಂಥ ಕಿತ್ತಳೆ ಬಣ್ಣದ ಗುರುತಿರುತ್ತದೆ. ಜೈವಿಕ ಅಪಾಯದ ಈ ಚಿಹ್ನೆಯನ್ನು 1966ರಲ್ಲಿ ಡೌ ಕೆಮಿಕಲ್ ಕಂಪನಿಯವರು ರೂಪಿಸಿದರು. ಯಾವ ಅರ್ಥವೂ ಇಲ್ಲದ, ಆದರೆ ಒಮ್ಮೆ ಕಂಡರೆ ಮರೆಯದ ಆಕಾರವೊಂದು ಬೇಕು ಎಂಬುದು ಅವರ ಉದ್ದೇಶ. ಭಾರತದ ಆಸ್ಪತ್ರೆಗಳಲ್ಲೂ ಇದೇ ಚಿಹ್ನೆ. 2016ರ ನಿಯಮಗಳಂತೆ ಇಲ್ಲಿ ಸೂಜಿಗಳಿಗೆ ಬಿಳಿಯ, ಒಳಗಿನದು ಮಸುಕಾಗಿ ಕಾಣುವ ಪೆಟ್ಟಿಗೆ.

ನೆಲಕ್ಕೆ ರಕ್ತ ಬಿದ್ದಿದ್ದರೆ ಮೊದಲು ಓದುಗರನ್ನು ಆಚೆ ಕಳಿಸಬೇಕು. ಕೈಗವಸು ತೊಟ್ಟು, ಹೀರುವ ಕಾಗದದಿಂದ ಒರೆಸಿ, ಆಮೇಲೆ ಬ್ಲೀಚಿಂಗ್ ದ್ರಾವಣ ಸುರಿದು ಹತ್ತು ನಿಮಿಷ ಬಿಡಬೇಕು. ಅಂಗಡಿಯಲ್ಲಿ ಸಿಗುವ ದ್ರಾವಣ ಒಂದು ಪಾಲು, ನೀರು ಒಂಬತ್ತು ಪಾಲು. ರಕ್ತ ತೆಗೆಯದೆ ಮೇಲೇ ಸುರಿದರೆ ಕ್ಲೋರಿನ್ನಿನ ಶಕ್ತಿಯೆಲ್ಲ ರಕ್ತದ ಪ್ರೋಟೀನುಗಳ ಮೇಲೇ ಖರ್ಚಾಗಿ, ವೈರಸ್ಸಿನ ಪಾಲಿಗೆ ಕಡಿಮೆ ಉಳಿಯುತ್ತದೆ. ನಿನ್ನೆ ಕಲಸಿಟ್ಟ ದ್ರಾವಣ ಇಂದಿಗೆ ನಂಬಿಕೆಗೆ ಯೋಗ್ಯವಲ್ಲ, ನಿಂತಲ್ಲೇ ಬಲ ಕಳೆದುಕೊಳ್ಳುತ್ತದೆ. ಒಂದು ಎಚ್ಚರಿಕೆಯನ್ನು ಮನೆಯವರೂ ಗಮನಿಸಬೇಕು. ಶೌಚಾಲಯ ತೊಳೆಯುವ ಆಮ್ಲದೊಂದಿಗೆ ಈ ದ್ರಾವಣ ಬೆರೆತರೆ ಕ್ಲೋರಿನ್ ಅನಿಲ ಹೊರಡುತ್ತದೆ. 1915ರಲ್ಲಿ ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರನ್ನು ಕೊಂದದ್ದು ಇದೇ ಅನಿಲ. ಕಿಟಕಿಯಿಲ್ಲದ ಶೌಚಾಲಯದಲ್ಲಿ ವೈರಸ್ಸಿಗಿಂತ ಅದೇ ಮೊದಲ ಅಪಾಯ.

ಪುಸ್ತಕಕ್ಕೆ ರಕ್ತ ತಾಗಿದ್ದರೆ? ಕಾಗದಕ್ಕೆ ಬ್ಲೀಚಿಂಗ್ ಹಾಕಿದರೆ ರೋಗಾಣುವಿನ ಸಂಗಡ ಪುಸ್ತಕವೂ ಹೋಯಿತು. ರಕ್ತದಲ್ಲಿ ನೆಂದ ಪುಸ್ತಕವನ್ನು ಚೀಲಕ್ಕೆ ಹಾಕಿ ವಿಲೇವಾರಿ ಮಾಡುವುದೇ ಸರಿ. ಅಟ್ಟೆಯ ಮೇಲೆ ಹಳೆಯ ಒಣ ಚುಕ್ಕೆಯೊಂದು ಕಂಡರೆ ಗಾಬರಿ ಬೇಡ. ಗಾಯವಿಲ್ಲದ ಚರ್ಮವನ್ನು ದಾಟುವ ಶಕ್ತಿ ಈ ವೈರಸ್‌ಗಳಿಗಿಲ್ಲ. ಕೈಯಲ್ಲಿ ಗಾಯವಿದ್ದರೆ ಪಟ್ಟಿ ಸುತ್ತಿಕೊಂಡು ಕೆಲಸ ಮಾಡಿ, ಆಮೇಲೆ ಸೋಪಿನಿಂದ ಕೈ ತೊಳೆದರಾಯಿತು.

ಇಷ್ಟೆಲ್ಲ ಮಾಡಿಯೂ ಸೂಜಿ ಚುಚ್ಚಿತು ಎನ್ನೋಣ. ಆಗ ಗಡಿಯಾರ ಮುಖ್ಯವಾಗುತ್ತದೆ. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಬೇಕು. ರಕ್ತ ಬರಲೆಂದು ಹಿಂಡುವುದು, ಬಾಯಿಂದ ಹೀರುವುದು, ಗಾಯಕ್ಕೆ ಬ್ಲೀಚಿಂಗ್ ಸುರಿಯುವುದು ಯಾವುದೂ ಕೂಡದು. ಹಾವು ಕಚ್ಚಿದಾಗಿನ ಸಿನಿಮಾ ಉಪಾಯಗಳು ಇಲ್ಲಿ ಕೆಡುಕೇ ಮಾಡುತ್ತವೆ. ತೊಳೆದ ಕೂಡಲೇ ಮೇಲಿನವರಿಗೆ ತಿಳಿಸಿ ವೈದ್ಯರ ಬಳಿ ಹೋಗಬೇಕು. ಎಚ್‌ಐವಿ ತಡೆಯುವ ಮಾತ್ರೆಗಳನ್ನು ವೈದ್ಯರು ಅಗತ್ಯವೆಂದು ಕಂಡರೆ 28 ದಿನ ಕೊಡುತ್ತಾರೆ. ಅವನ್ನು ಕೆಲವೇ ಗಂಟೆಗಳಲ್ಲಿ ಆರಂಭಿಸಿದಷ್ಟೂ ಉತ್ತಮ. 72 ಗಂಟೆ ಕಳೆದ ಮೇಲೆ ಪ್ರಯೋಜನವಿಲ್ಲ. ಲಸಿಕೆ ಹಾಕಿಸಿಕೊಂಡಿರದವರಿಗೆ ಆಗಲಾದರೂ ಹೆಪಟೈಟಿಸ್ ಬಿ ಲಸಿಕೆಯನ್ನೂ, ಬೇಕಾದರೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದನ್ನೂ ಕೊಡುತ್ತಾರೆ. ಹೆಪಟೈಟಿಸ್ ಸಿಗೆ ತಡೆ ಔಷಧವಿಲ್ಲ. ಆದರೆ ಕಾದು ನೋಡಿ, ರೋಗ ಬಂದದ್ದು ಖಚಿತವಾದರೆ ಎಂಟರಿಂದ ಹನ್ನೆರಡು ವಾರ ಮಾತ್ರೆ ನುಂಗಿ ನೂರಕ್ಕೆ 95ಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ. 1989ರಲ್ಲಷ್ಟೇ ಗುರುತು ಸಿಕ್ಕ ವೈರಸ್ಸಿನ ಮೇಲೆ ಇದು ಸಣ್ಣ ಜಯವಲ್ಲ.

ಹೇಳಿದರೆ ಬೈಸಿಕೊಳ್ಳಬೇಕಾದೀತು, ಕೆಲಸಕ್ಕೆ ಕುತ್ತು ಬಂದೀತು ಎಂದು ಬೆರಳಿಗೆ ಪಟ್ಟಿ ಸುತ್ತಿ ಸುಮ್ಮನಿರುವ ನೌಕರ ಈ 72 ಗಂಟೆಗಳನ್ನು ಕಳೆದುಕೊಳ್ಳುತ್ತಾನೆ. ದಿನಗೂಲಿಯ ಮೇಲೆ, ಗುತ್ತಿಗೆಯ ಮೇಲೆ ಗುಡಿಸಲು ಬರುವವರೇ ಹೀಗೆ ಸುಮ್ಮನಿರುವುದು ಹೆಚ್ಚು. ಕಸದ ಚೀಲ ಎತ್ತುವವರೂ ಅವರೇ. ಪಟ್ಟಿ ಮಾಡುವಾಗ ಗ್ರಂಥಪಾಲಕರ ಹೆಸರಿಗಿಂತ ಮೊದಲು ಬರೆಯಬೇಕಾದದ್ದು ಅವರ ಹೆಸರು.

ಇದನ್ನು ಓದುತ್ತಿರುವ ಮನೆಗಳಿಗೂ ಒಂದು ಮಾತು. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಹೆಪಟೈಟಿಸ್ ಬಿ ಲಸಿಕೆಯನ್ನು 2007-08ರಲ್ಲಿ ಹತ್ತು ರಾಜ್ಯಗಳಲ್ಲಿ ಸೇರಿಸಿದಾಗ ಅವುಗಳಲ್ಲಿ ಕರ್ನಾಟಕವೂ ಒಂದು. ಆಮೇಲೆ ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರಿಗೆ ಇದು ಬಾಲ್ಯದಲ್ಲೇ ಸಿಕ್ಕಿರುತ್ತದೆ. ತಾಯಿ ಕಾರ್ಡ್ ತೆಗೆದು ನೋಡಿದರೆ ತಿಳಿಯುತ್ತದೆ. ತಂದೆ ತಾಯಿಯರ ಕಾಲಕ್ಕೆ ಈ ಏರ್ಪಾಡಿರಲಿಲ್ಲ. ಆಸ್ಪತ್ರೆ, ಪೌರಸೇವೆ, ಕ್ಷೌರದಂಗಡಿ, ಶಾಲೆಯ ಶುಚಿ ಕೆಲಸ ಹೀಗೆ ರಕ್ತ ಸೋಕಬಹುದಾದ ದುಡಿಮೆಯಲ್ಲಿರುವ ಹಿರಿಯರು ವೈದ್ಯರನ್ನು ಕೇಳಿ ಹಾಕಿಸಿಕೊಳ್ಳಬಹುದು. ದೊಡ್ಡವರಿಗೆ ಮೂರು ಚುಚ್ಚುಮದ್ದು: ಮೊದಲನೆಯದು ಹಾಕಿಸಿಕೊಂಡ ದಿನದಿಂದ ಎಣಿಸಿ ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ. ಮರೆತುಹೋಗುವುದು ಸಾಮಾನ್ಯವಾಗಿ ಈ ಮೂರನೆಯದು. ತಡವಾದರೆ ಮೊದಲಿನಿಂದ ಶುರು ಮಾಡಬೇಕಾಗಿಲ್ಲ, ನೆನಪಾದಾಗ ಹೋಗಿ ಉಳಿದದ್ದನ್ನು ಹಾಕಿಸಿಕೊಂಡರೆ ಸಾಕು.